ತರಕಾರಿ ಮಂಡಿಯಲ್ಲಿ ಕಾರಿನ ಓಟ

ಪ್ಯಾಲೆಸ್ಟೀನ್ ಎಂದೊಡನೆ ನಮ್ಮ ಕಣ್ಣೆದುರು ಬರುವುದು ವಾರ್ತೆಯಲ್ಲಿ ಕಂಡ ಚಿತ್ರಗಳೇ. ಕುಸಿದ ಗೋಡೆ, ಬಂದೂಕು ಹಿಡಿದ ಸೈನಿಕ, ಅಳುವ ತಾಯಂದಿರು. ಅದೇ ನೆಲದಲ್ಲಿ ಐದು ಜನ ಹೆಣ್ಣುಮಕ್ಕಳು ಹೆಲ್ಮೆಟ್ ತೊಟ್ಟು ಕಾರಿನ ಪಂದ್ಯಕ್ಕೆ ಇಳಿದರು, ಅವರ ಕಥೆ ಸಿನಿಮಾ ಆಗಲಿ ಅಂತ ಗುರುತು ಪರಿಚಯವಿಲ್ಲದ ಜನರೂ ವಂತಿಗೆ ಕೊಟ್ಟರು ಅಂದ್ರೆ ನಂಬ್ತೀರಾ? 2015ರಲ್ಲಿ ತೆರೆ ಕಂಡ ‘ಸ್ಪೀಡ್ ಸಿಸ್ಟರ್ಸ್’ ಎಂಬ ಸಾಕ್ಷ್ಯಚಿತ್ರ ಹುಟ್ಟಿದ್ದು ಹೀಗೆ. ಬನ್ನಿ, ಮೊದಲು ಆ ಊರುಗಳನ್ನು ಒಂದು ಸುತ್ತು ನೋಡಿ ಬರೋಣ.

ಜೋರ್ಡಾನ್ ನದಿಯ ಪಶ್ಚಿಮಕ್ಕೆ ಇರುವುದರಿಂದ ಈ ಪ್ರದೇಶಕ್ಕೆ ಪಶ್ಚಿಮ ದಂಡೆ ಎಂದು ಹೆಸರು. ವಿಸ್ತೀರ್ಣ ಸುಮಾರು 5,600 ಚದರ ಕಿಲೋಮೀಟರ್. ನಮ್ಮ ತುಮಕೂರು ಜಿಲ್ಲೆಯ ಅರ್ಧಕ್ಕಿಂತ ಕೊಂಚ ಹೆಚ್ಚು, ಅಷ್ಟೇ! ರಮಲ್ಲಾ ಪಟ್ಟಣ ಬೆಟ್ಟದ ಮೇಲಿದೆ, ಹೆಚ್ಚು ಕಡಿಮೆ ನಮ್ಮ ಬೆಂಗಳೂರಿನಷ್ಟೇ ಎತ್ತರ. ಅಲ್ಲಿಂದ ಪೂರ್ವಕ್ಕೆ ಘಟ್ಟ ಇಳಿದ ಹಾಗೆ ಇಳಿಯುತ್ತಾ ಹೋದರೆ ಜೆರಿಕೊ. ಅದು ಸಮುದ್ರಮಟ್ಟಕ್ಕಿಂತ ಸುಮಾರು 250 ಮೀಟರ್ ತಗ್ಗಿನಲ್ಲಿದೆ. ಖರ್ಜೂರ, ಬಾಳೆ ಬೆಳೆಯುವ ಬಿಸಿಲ ನಾಡು. ದಕ್ಷಿಣಕ್ಕೆ ಏಸುಸ್ವಾಮಿ ಹುಟ್ಟಿದ ಬೆತ್ಲೆಹೆಮ್. ಉತ್ತರಕ್ಕೆ ಹೊರಟರೆ ದಾರಿಯುದ್ದಕ್ಕೂ ಆಲಿವ್ ತೋಪುಗಳು. ನಡುವೆ ನಾಬ್ಲುಸ್ ಸಿಗುತ್ತದೆ. ಗಿಣ್ಣಿನ ಹಾಗೆ ಮೆತ್ತಗಿರುವ ಚೀಸಿನ ಮೇಲೆ ಸಕ್ಕರೆ ಪಾಕ ಸುರಿದು ಮಾಡುವ ‘ಕುನಾಫಾ’ ಎಂಬ ಸಿಹಿಗೆ ಹೆಸರಾದ ಊರು. ಇನ್ನೂ ಮುಂದೆ ಹೋದರೆ ಜೆನಿನ್, ಹೊಲಗದ್ದೆಗಳ ಸೀಮೆ.

ಇಷ್ಟು ಪುಟ್ಟ ಜಾಗ, ಆದರೆ ಓಡಾಟ ಸಲೀಸಲ್ಲ. 1967ರ ಯುದ್ಧದ ನಂತರ ಇದು ಇಸ್ರೇಲ್ ಸೈನ್ಯದ ಹಿಡಿತಕ್ಕೆ ಬಂತು. ಊರಿಂದ ಊರಿಗೆ ಹೋಗುವಾಗ ಚೆಕ್‌ಪೋಸ್ಟ್ ಎದುರಾಗುತ್ತದೆ. ಗಾಡಿ ನಿಲ್ಲಿಸಬೇಕು, ಗುರುತಿನ ಚೀಟಿ ತೋರಿಸಬೇಕು, ಬಿಡುವವರೆಗೂ ಕಾಯಬೇಕು. ಇಂಥ ಕಡೆ ಹುಟ್ಟಿದ ಹುಡುಗಿಗೆ ಕಾರನ್ನು ಒಂದೇ ಉಸಿರಿನಲ್ಲಿ ಓಡಿಸೋ ಆಸೆ ಬಂದರೆ ಆಶ್ಚರ್ಯವೇನು?

ಪಂದ್ಯಕ್ಕೆಂದೇ ಕಟ್ಟಿದ ಟ್ರ್ಯಾಕ್ ಅಲ್ಲಿರಲಿಲ್ಲ. ತರಕಾರಿ ಮಂಡಿ, ಹಿಂದೆ ಹೆಲಿಕಾಪ್ಟರ್ ಇಳಿಯುತ್ತಿದ್ದ ಬಯಲು, ಹೀಗೆ ಸಿಕ್ಕ ಜಾಗವೇ ಮೈದಾನ. ಒಂದು ಸಲಕ್ಕೆ ಒಂದೇ ಕಾರು. ನಡುವೆ ಶಂಕುವಿನಾಕಾರದ ಪ್ಲಾಸ್ಟಿಕ್ ಗೂಟಗಳನ್ನು ಇಟ್ಟಿರುತ್ತಾರೆ. ಅವನ್ನು ಸುತ್ತಿ, ಬಳಸಿ, ಹ್ಯಾಂಡ್‌ಬ್ರೇಕ್ ಎಳೆದು ಸರ್ರನೆ ತಿರುಗಿಸಿ ಕೊನೆ ಮುಟ್ಟಬೇಕು. ಯಾರು ಕಡಿಮೆ ಸಮಯದಲ್ಲಿ ಮುಗಿಸಿದರೋ ಅವರೇ ಗೆದ್ದಂತೆ. ಗೂಟಕ್ಕೆ ಕಾರು ತಗುಲಿತೋ, ಸಮಯಕ್ಕೆ ದಂಡ ಸೇರಿತು! ಸಂತೆಯ ಗದ್ದಲದಲ್ಲಿ ಯಾರ ಬುಟ್ಟಿಗೂ ಕಾಲು ತಾಗದಂತೆ ಬೇಗ ಬೇಗ ನಡೆದು ಬರುವವರಿಗೆ ಈ ಜಾಣ್ಮೆ ಏನೆಂದು ಚೆನ್ನಾಗಿ ಅರ್ಥವಾದೀತು.

ಜೆರುಸಲೇಮಿನ ಬ್ರಿಟಿಷ್ ಕಾನ್ಸುಲೇಟ್ ತರಬೇತಿಗೆ ನೆರವು ಕೊಟ್ಟಿತು. ಅರಬ್ ಜಗತ್ತಿನ ಮೊದಲ ಮಹಿಳಾ ಕಾರು ಪಂದ್ಯದ ತಂಡ ಎಂದು ಇವರು ಹೆಸರಾದರು. ನಾಯಕಿ ಮೈಸೂನ್ ಜಯ್ಯೂಸಿ. ಜೊತೆಗೆ ನೂರ್ ದಾವೂದ್, ಮೋನಾ, ಬೆತ್ಲೆಹೆಮ್‌ನ ಬೆಟ್ಟಿ ಸಾದೆ, ಜೆನಿನ್‌ನ ಮರಾಹ್ ಜಹಾಲ್ಕಾ. ಬೆಟ್ಟಿಗೆ ಉಗುರಿನ ಬಣ್ಣ, ಕೂದಲಿನ ಅಲಂಕಾರ ಅಂದ್ರೆ ಪ್ರಾಣ. ಸ್ಟಿಯರಿಂಗ್ ಹಿಡಿದರೆ ಮಾತ್ರ ಸಿಂಹಿಣಿ. ಬೆಟ್ಟಿ, ಮರಾಹ್ ಒಂದೇ ತಂಡದವರಾದರೂ ಹೆಂಗಸರಲ್ಲಿ ಮೊದಲ ಸ್ಥಾನಕ್ಕೆ ತಮ್ಮೊಳಗೇ ಪೈಪೋಟಿ. ಅಭ್ಯಾಸದ ಜಾಗದ ಹತ್ತಿರ ಒಮ್ಮೆ ಸೈನಿಕರು ಹಾರಿಸಿದ ಅಶ್ರುವಾಯುವಿನ ಡಬ್ಬಿ ಬೆಟ್ಟಿಯ ಬೆನ್ನಿಗೇ ಬಡಿಯಿತು. ಆ ಗಳಿಗೆಯೂ ಚಿತ್ರದಲ್ಲಿ ಸೇರಿದೆ.

ನನ್ನ ಮನಸ್ಸಿನಲ್ಲಿ ಉಳಿದದ್ದು ಮರಾಹ್‌ಳ ತಂದೆ. ಹಲ್ಲಿನ ಸೆಟ್ಟು ತಯಾರಿಸುವ ಕೆಲಸ ಅವರದು. ಸ್ವಂತ ಮನೆಗೆ ಆಗಬೇಕಿದ್ದ ಹಣವನ್ನು ಅವರು ಮಗಳ ಪಂದ್ಯಕ್ಕೆ ಖರ್ಚು ಮಾಡಿದರು. ಮನೆ ಬಿಟ್ಟು ಕಾರಿಗೆ ಸುರಿಯುವುದು ಎಂಥ ಹುಚ್ಚು ಅನ್ನುವವರು ಎಲ್ಲ ಊರಲ್ಲೂ ಇರ್ತಾರೆ. ಅವರ ಮಾತಿನಲ್ಲಿ ಹುರುಳಿಲ್ಲ ಅನ್ನೋಕೂ ಆಗಲ್ಲ. ಬಾಡಿಗೆ ಮನೆಯ ಕಷ್ಟ ನಮಗೆ ಗೊತ್ತಿಲ್ಲವೇ? ಟೈರು ಸವೆಯುತ್ತದೆ, ಇಂಜಿನ್ ಕೆಡುತ್ತದೆ, ಗೆದ್ದರೂ ಕೈಗೆ ಬರುವುದು ಒಂದು ಕಪ್ಪು. ಇಷ್ಟು ತಿಳಿದೂ ಅವರು ಕೊಟ್ಟರು.

ಇನ್ನು ಸಿನಿಮಾದ ಖರ್ಚು. ನಿರ್ದೇಶಕಿ ಆಂಬರ್ ಫಾರೆಸ್ ಕೆನಡಾದಲ್ಲಿ ಹುಟ್ಟಿದವರು, ಮೂಲ ಲೆಬನಾನ್. ಆಕೆ ರಮಲ್ಲಾದಲ್ಲೇ ನೆಲೆಸಿ ವರ್ಷಗಟ್ಟಲೆ ಈ ಹುಡುಗಿಯರ ಹಿಂದೆ ಕ್ಯಾಮೆರಾ ಹಿಡಿದು ಓಡಾಡಿದರು. ಹಾಡು ಕುಣಿತ ಇಲ್ಲದ, ತಾರೆಯರಿಲ್ಲದ ಇಂಥ ಚಿತ್ರಕ್ಕೆ ದುಡ್ಡು ಹಾಕುವ ಸಾಹುಕಾರರು ಎಲ್ಲಿ ಸಿಗ್ತಾರೆ? ಕಲಾ ಸಂಸ್ಥೆಗಳ ಧನಸಹಾಯ ಒಂದಷ್ಟು ಬಂತು. ಜೊತೆಗೆ ಅವರು ಇಂಟರ್‌ನೆಟ್ಟಿನಲ್ಲಿ ಜನರ ಮುಂದೆಯೇ ಸೆರಗೊಡ್ಡಿದರು. ಇಂಗ್ಲಿಷಿನಲ್ಲಿ ಇದನ್ನು ಕ್ರೌಡ್‌ಫಂಡಿಂಗ್ ಅಂತಾರೆ. ನಮ್ಮ ಮಾತಿನಲ್ಲಿ ಹತ್ತು ಕೈಯ ವಂತಿಗೆ.

ಇದು ನಮಗೇನು ಹೊಸದಲ್ಲ. ಮದುವೆ ಮನೆಯ ಮುಯ್ಯಿ, ಊರ ಜಾತ್ರೆಯ ಪಟ್ಟಿ ಎಲ್ಲ ಇದೇ ತಾನೆ? 1976ರ ‘ಮಂಥನ್’ ಹಿಂದಿ ಚಿತ್ರಕ್ಕೆ ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಕೊಟ್ಟಿದ್ದರು. ನಮ್ಮ ಗಿರೀಶ್ ಕಾರ್ನಾಡರು ನಟಿಸಿದ್ದ ಚಿತ್ರವದು. 2013ರಲ್ಲಿ ಬಂದ ಪವನ್ ಕುಮಾರ್ ಅವರ ಕನ್ನಡದ ‘ಲೂಸಿಯಾ’ಕ್ಕೂ ನೂರಕ್ಕೂ ಹೆಚ್ಚು ಪ್ರೇಕ್ಷಕರು ಸೇರಿ ಸುಮಾರು 50 ಲಕ್ಷ ರೂಪಾಯಿ ಕೂಡಿಸಿದರು. ತೆನೆ ತೆನೆ ಕೂಡಿದರೆ ಬಳ್ಳ!

ನಿಮ್ಮ ಮಕ್ಕಳು ಎಂದಾದರೂ ಮೊಬೈಲಿನಲ್ಲಿ ಇಂಥ ಮನವಿ ತೋರಿಸಿ, “ಅಮ್ಮಾ, ಐನೂರು ಕೊಡೋಣ್ವಾ?” ಅಂತ ಕೇಳಬಹುದು. ಆಗ ಕೆಲವು ಸಂಗತಿ ನೆನಪಿರಲಿ. ಇಷ್ಟು ಹಣ, ಇಷ್ಟು ದಿನ ಎಂದು ಮೊದಲೇ ಗುರಿ ಹೇಳಿರುತ್ತಾರೆ. ಗುರಿ ಮುಟ್ಟದಿದ್ದರೆ ಕೆಲವು ಕಡೆ ಹಣ ವಾಪಸು ಬರುತ್ತದೆ, ಕೆಲವು ಕಡೆ ಬಂದಷ್ಟನ್ನು ಅವರೇ ಇಟ್ಟುಕೊಳ್ಳುತ್ತಾರೆ. ಯಾವುದೆಂದು ಓದಿ ತಿಳಿಯಿರಿ. ಸಾಮಾನ್ಯವಾಗಿ ಇದು ಸಾಲವಲ್ಲ, ಬಡ್ಡಿಯೂ ಇಲ್ಲ. ಒಂದು ವಂದನಾಪತ್ರವೋ, ಚಿತ್ರದ ಪ್ರತಿಯೋ ಸಿಕ್ಕೀತು. ಕೆಲಸ ಕೈಗೂಡದೆಯೂ ಹೋಗಬಹುದು. ಆದ್ದರಿಂದ ಮುಯ್ಯಿ ಓದಿಸುವಾಗ ನೋಡುವ ಹಾಗೆ, ಕೇಳುವವರು ಯಾರು, ಹಿಂದೆ ಏನು ಮಾಡಿದ್ದಾರೆ ಎಂದು ನೋಡಿ, ತಿಂಗಳ ಖರ್ಚಿಗೆ ಧಕ್ಕೆಯಾಗದಷ್ಟು ಮಾತ್ರ ಕೊಡಿ.

ದೂರದ ದೇಶದ ಜನ ವಂತಿಗೆ ಹಾಕಿದ್ದು ಆಮೇಲೆ. ಜೆನಿನ್‌ನ ಮನೆಯೊಳಗೆ ಒಬ್ಬ ತಂದೆ ಅದಕ್ಕೂ ಮುಂಚೆಯೇ ಹಾಕಿದ್ದರು. ನಿಮ್ಮ ಮಗಳು ಈಜು ಕಲಿಯುತ್ತೇನೆ, ಸ್ಕೂಟರ್ ಕಲಿಯುತ್ತೇನೆ ಎಂದು ಬಂದು ನಿಂತಾಗ, ಸಾಸಿವೆ ಡಬ್ಬಿಯಲ್ಲಿ ಬಚ್ಚಿಟ್ಟ ನೋಟನ್ನು ಒಮ್ಮೆ ಮುಟ್ಟಿ ನೋಡಿಕೊಳ್ಳಿ. ಅವಳ ಪಟ್ಟಿಯಲ್ಲಿ ಮೊದಲ ಹೆಸರು ಅಮ್ಮನದಾಗಲಿ.