ಮಾವನ ಫಾರ್ಟಿ-ಫೋರು

ಪುಣೆಯ ಖಡಕಿಯಲ್ಲಿ 1869ರಲ್ಲಿ ಸ್ಥಾಪಿತವಾದ ಮದ್ದುಗುಂಡಿನ ಕಾರ್ಖಾನೆಯೊಂದಿದೆ. ಹಳೆಯ .303 ತೋಟಾಗಳ ತಳದಲ್ಲಿ ಕಾಣುವ ‘ಕೆ.ಎಫ್.’ ಎಂಬ ಮುದ್ರೆ ಅದರದೇ. ಆಂಗ್ಲರ ಬಾಯಲ್ಲಿ ಖಡಕಿ ‘ಕಿರ್ಕಿ’ಯಾಗಿತ್ತು. ವರ್ಗವಾಗಿ ಈ ಊರಿಗೆ ಬಂದ ನಾನು ಕೇಂದ್ರ ಸರ್ಕಾರದ ನೌಕರನೇನೋ ಹೌದು, ಆದರೆ ನನ್ನ ಇಲಾಖೆಗೂ ಆ ಕಾರ್ಖಾನೆಗೂ ಯಾವ ಸಂಬಂಧವೂ ಇಲ್ಲ. ಸಕಲೇಶಪುರದ ಬಳಿ ಕಾಫಿ ತೋಟವಿರುವ ನನ್ನ ಸೋದರಮಾವನಿಗೆ ಮಾತ್ರ ಇದನ್ನು ಮನಗಾಣಿಸಲು ಸಾಧ್ಯವಾಗಿಲ್ಲ. “ನೀನಿರೋ ಊರಲ್ಲೇ ತೋಟಾ ಮಾಡ್ತಾರಲ್ಲೋ, ನಮ್ಮ ಫಾರ್ಟಿ-ಫೋರಿಗೆ ಒಂದು ಡಬ್ಬಿ ಕೇಳಿ ನೋಡು” ಎಂದು ವರ್ಷಕ್ಕೊಮ್ಮೆಯಾದರೂ ಫೋನು ಬರುತ್ತದೆ.

ಫಾರ್ಟಿ-ಫೋರು ಎಂದರೆ 1892ರ ಮಾದರಿಯ ವಿಂಚೆಸ್ಟರ್ ರೈಫಲ್. ಸ್ವದೇಶಕ್ಕೆ ಮರಳುತ್ತಿದ್ದ ಪ್ಲಾಂಟರ್ ದೊರೆಯೊಬ್ಬನಿಂದ ಅಜ್ಜ ಕೊಂಡದ್ದು. ಅದರ ತೋಟಾ ಇನ್ನೂ ಹಿಂದಿನದು, 1873ರದು: ಹೆಸರು .44-40. ನಳಿಗೆಯ ಅಳತೆ 44, ಒಳಗೆ ತುಂಬುತ್ತಿದ್ದ ಕರಿಮದ್ದು 40 ಗ್ರೇನು, ಎಂದರೆ ಎರಡೂವರೆ ಗ್ರಾಮಿಗಿಂತ ತುಸು ಹೆಚ್ಚು. ಕೆಲವೇ ವರ್ಷಗಳಲ್ಲಿ ಕೋಲ್ಟ್ ಕಂಪನಿ ಅದೇ ತೋಟಾ ಹಿಡಿಯುವ ರಿವಾಲ್ವರನ್ನೂ ಹೊರತಂದಿತು. ಸೊಂಟದ ರಿವಾಲ್ವರಿಗೂ ಹೆಗಲಿನ ರೈಫಲಿಗೂ ಒಂದೇ ಪಟ್ಟಿಯಿಂದ ತೋಟಾ ತೆಗೆಯಬಹುದೆನ್ನುವುದು ಅಂಗಡಿಯಿಂದ ದೂರವಿದ್ದವರಿಗೆ ದೊಡ್ಡ ಸೌಕರ್ಯವಾಗಿದ್ದಿರಬೇಕು.

ತೋಟಾ ಒಂದೇ ಆದರೂ ಅದರ ನಡತೆ ಒಂದೇ ಅಲ್ಲ. ರಿವಾಲ್ವರಿನ ತಿರುಗುವ ಉರುಳೆಗೂ ನಳಿಗೆಗೂ ನಡುವೆ ಕೂದಲೆಳೆಯಷ್ಟು ಸಂದಿರುತ್ತದೆ. ಒತ್ತಡದ ಒಂದಂಶ ಅಲ್ಲಿಯೇ ಸೋರಿಹೋಗುತ್ತದೆ. ರೈಫಲಿನಲ್ಲಿ ಸಂದಿಲ್ಲ, ನಳಿಗೆಯೂ ಉದ್ದ. 1935ರಲ್ಲಿ ಬಂದ .357 ಮ್ಯಾಗ್ನಂ ತೋಟಾದ ಗುಂಡು ರಿವಾಲ್ವರಿನಿಂದ ಸೆಕೆಂಡಿಗೆ ಸುಮಾರು 1,200 ಅಡಿ ವೇಗದಲ್ಲಿ ಹೊರಟರೆ, ರೈಫಲಿನಿಂದ ಹೊರಟಾಗ 1,800 ಅಡಿಯ ಆಸುಪಾಸಿಗೆ ಏರಬಲ್ಲದು. ಇನ್ನೊಂದು ಸೂಕ್ಷ್ಮವೂ ಇದೆ. ಈ ರೈಫಲುಗಳಲ್ಲಿ ತೋಟಾಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೊಂದು ಮಲಗಿರುತ್ತವೆ. ಹಿಂದಿನದರ ಗುಂಡು ಚೂಪಾಗಿದ್ದರೆ ಮುಂದಿನದರ ಕೇಪಿಗೆ ಕುಟ್ಟಿ ಕೊಳವೆಯೊಳಗೇ ಸಿಡಿದೀತು. ಆದ್ದರಿಂದಲೇ ಅವುಗಳ ಗುಂಡಿನ ಮೂತಿ ಚಪ್ಪಟೆ.

ಅಜ್ಜ ಹಾರಿಸಿದ ತೋಟಾದ ಹಿತ್ತಾಳೆಯ ಕೊಳವೆಯನ್ನು ಎಸೆಯುತ್ತಿರಲಿಲ್ಲವಂತೆ. ಅಡಕತ್ತರಿಯನ್ನು ಹೋಲುವ ಒಂದು ಇಕ್ಕುಳ ಈಗಲೂ ಮನೆಯಲ್ಲಿದೆ: ಸುಟ್ಟ ಕೇಪನ್ನು ತೆಗೆದು ಹೊಸದನ್ನು ಕೂರಿಸಿ, ಮದ್ದು ಸುರಿದು, ಎರಕ ಹೊಯ್ದ ಸೀಸದ ಗುಂಡನ್ನಿಟ್ಟು ಬಾಯಿ ಅಮುಕುವುದಕ್ಕೆ. ಕರಿಮದ್ದಿನ ಕಾಲದಲ್ಲಿ ಇದು ಅಷ್ಟೇನೂ ಅಪಾಯದ ಕೆಲಸವಲ್ಲವೆಂದು ಮಾವ ವಾದಿಸುತ್ತಾರೆ, ಅದರಲ್ಲಿ ಸತ್ಯಾಂಶವಿದೆ. ಕರಿಮದ್ದು ಕೊಳವೆಯನ್ನು ತುಂಬಿಬಿಡುತ್ತದೆ, ಎರಡನೆಯ ಅಳತೆಗೆ ಜಾಗವೇ ಇರುವುದಿಲ್ಲ. ಹೊಗೆಯಿಲ್ಲದ ಇಂದಿನ ಮದ್ದು ತಳದಲ್ಲಿ ಚಿಟಿಕೆಯಷ್ಟು. ಮೈಮರೆತು ಎರಡು ಬಾರಿ ಸುರಿದರೂ ಹೊರಗಿನಿಂದ ತಿಳಿಯದು, ಹಾರಿಸಿದಾಗ ಕೋವಿಯೇ ಒಡೆದೀತು. ಹೇಗೂ, 1959ರ ಆಯುಧ ಕಾಯಿದೆಯ 5ನೆಯ ಸೆಕ್ಷನ್ನಿನ ಪ್ರಕಾರ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. ಫೋನಿನಲ್ಲಿ ಅದನ್ನು ಓದಿ ಹೇಳಿದೆ. “ನೀನು ಸರ್ಕಾರದೋನೇ ಬಿಡಪ್ಪಾ” ಎಂದರು.

ಅಮೆರಿಕದಲ್ಲಿ ಕೋವಿಗಳನ್ನು ಕೂಡಿಸಿದ್ದು ತೋಟಾ. ನಮ್ಮಲ್ಲಿ ತೋಟಾದಿಂದಲೇ ಜನರನ್ನು ಬೇರ್ಪಡಿಸಿದರು. 1907ರ ಸುಮಾರಿಗೆ ಬ್ರಿಟಿಷರು .450 ಅಳತೆಯನ್ನು ಭಾರತದಲ್ಲಿ ನಿಷೇಧಿಸಿದ್ದರಿಂದ ಬೇಟೆಯ ದೊರೆಗಳಿಗಾಗಿ .470ರಂತಹ ಹೊಸ ತೋಟಾಗಳು ಹುಟ್ಟಬೇಕಾಯಿತು. .303 ಸೈನಿಕರದು, .315 ಪ್ರಜೆಗಳದು. ಸ್ವಾತಂತ್ರ್ಯ ಬಂದರೂ ಈ ಗೆರೆ ಅಳಿಯಲಿಲ್ಲ, ಅಳಿಯಬೇಕಿತ್ತೆಂದೂ ನನಗನ್ನಿಸುವುದಿಲ್ಲ. ಆದರೆ ಸೈನಿಕರದೂ ಅಲ್ಲದ, ಇಲ್ಲಿನ ಪ್ರಜೆಗಳದೂ ಅಲ್ಲದ .44-40, ಮಾವನಿಗೆ ಯಾವ ಅಂಗಡಿಯಲ್ಲೂ ಸಿಗದೆ ದಶಕಗಳೇ ಕಳೆದಿವೆ.

2019ರ ತಿದ್ದುಪಡಿ ಒಬ್ಬರ ಬಳಿ ಇರಬಹುದಾದ ಕೋವಿಗಳ ಮಿತಿಯನ್ನು ಮೂರರಿಂದ ಎರಡಕ್ಕಿಳಿಸಿತು. ಹೆಚ್ಚಿನದನ್ನು ಒಪ್ಪಿಸಲು ಒಂದು ವರ್ಷದ ಗಡುವು. ಮಾವನ ಬಳಿ ಮೂರಿದ್ದವು: ಹಂದಿ ಕಾಯುವ ಜೋಡುನಳಿಗೆ, ಕಾನ್ಪುರದ .32 ರಿವಾಲ್ವರ್, ಮತ್ತು ಇದು. ಹಾರಿಸಲಾಗದ್ದನ್ನು ಕೊಡಿ, ಕಳ್ಳಕಾಕರ ಭಯಕ್ಕೆ ರಿವಾಲ್ವರ್ ಇರಲಿ ಎಂದು ಮನೆಮಂದಿಯೆಲ್ಲ ಹೇಳಿದರು. ಹನ್ನೊಂದು ತಿಂಗಳು ಮಾವ ಮಾತೇ ಆಡಲಿಲ್ಲ. ಹನ್ನೆರಡನೆಯ ತಿಂಗಳು ಹಾಸನಕ್ಕೆ ಹೋಗಿ ರಿವಾಲ್ವರನ್ನು ಒಪ್ಪಿಸಿ ಬಂದರು. ಅತ್ತೆ ಎರಡು ದಿನ ಊಟ ಬಡಿಸಿದ್ದು ಮೌನವಾಗಿ.

2023ರ ವಿಧಾನಸಭಾ ಚುನಾವಣೆಗೆ ಮುನ್ನ ಎಂದಿನಂತೆ ಕೋವಿಗಳನ್ನು ಠಾಣೆಯಲ್ಲಿಡಬೇಕಾಯಿತು. ರಜೆಯಲ್ಲಿದ್ದ ನಾನೇ ಕಾರು ಓಡಿಸಿದೆ. ಮಾವ ರೈಫಲಿನ ಜೊತೆಗೆ ಹಾರ್ಲಿಕ್ಸ್ ಸೀಸೆಯೊಂದನ್ನೂ ಮೇಜಿನ ಮೇಲಿಟ್ಟರು. ತುಂಬ ಅಜ್ಜನ ಕಾಲದ ಖಾಲಿ ತೋಟಾಗಳು. ಕಾನ್‌ಸ್ಟೇಬಲ್ ಒಂದನ್ನೆತ್ತಿ ತಳ ನೋಡಿ, “ಇದನ್ನೇನು ಬರ್ಕೊಳ್ಳಲಿ ಸಾರ್, ಮನೇಲೇ ಇಟ್ಕೊಳ್ಳಿ” ಎಂದು ಸೀಸೆಯನ್ನು ಹಿಂದಕ್ಕೆ ಸರಿಸಿ, ಮದ್ದುಗುಂಡಿನ ಕಲಮಿನಲ್ಲಿ ಸೊನ್ನೆ ಬರೆದುಕೊಂಡ.