ಅಂಗಳದ ಮಾವು, ತೋಟದ ಕೊರಕ

ನಾಂಪಲ್ಲಿಯಲ್ಲಿ ನಾವು ಬಾಡಿಗೆಗಿದ್ದ ಮನೆಯ ಅಂಗಳದಲ್ಲೊಂದು ಮಾವಿನ ಮರವಿತ್ತು. ಅದು ಸತ್ತಿದ್ದರಲ್ಲಿ ನನ್ನ ಪಾಲೂ ಇದೆ. ಅದನ್ನು ಹೇಳಿಕೊಳ್ಳಲೆಂದೇ ಈ ಬರಹ.

ಮನೆಯೊಡತಿಗೆ ಆ ಮರವೆಂದರೆ ಪ್ರಾಣ. ನಮ್ಮ ಬೀದಿಗೆ ಹತ್ತಿರದಲ್ಲೇ ಇರುವ ಪಬ್ಲಿಕ್ ಗಾರ್ಡನ್‌ನ ಹಳೆಯ ಹೆಸರು ಬಾಗ್-ಎ-ಆಮ್. ಅಲ್ಲಿ 'ಆಮ್' ಎಂದರೆ ಸಾರ್ವಜನಿಕ. "ನಿಜವಾದ ಆಮ್ ಇರೋದು ನಮ್ಮ ಅಂಗಳದಲ್ಲಿ" ಎಂದು ಆಕೆ ನಗುತ್ತಿದ್ದರು.

ಒಂದು ಜನವರಿಯಲ್ಲಿ, ನುಮಾಯಿಷ್‌ನ ಧ್ವನಿವರ್ಧಕಗಳು ರಾತ್ರಿಯವರೆಗೂ ಕೂಗುತ್ತಿದ್ದ ದಿನಗಳಲ್ಲಿ, ಮರದ ಬುಡದಲ್ಲಿ ಹೊಟ್ಟು ಬೀಳತೊಡಗಿತು. ತೊಗಟೆಯಿಂದ ಅಂಟು ಒಸರುತ್ತಿತ್ತು. ಆಕೆ ನನ್ನನ್ನು ಕರೆದರು: "ನೀವು ಕಾಫಿ ತೋಟದವರು. ನಿಮಗೆ ಗೊತ್ತಿರುತ್ತೆ, ನೋಡಿ."

ಗೊತ್ತಿದೆ ಎಂದೇ ನಾನೂ ತಿಳಿದಿದ್ದೆ. ಮೂಡಿಗೆರೆ ಕಡೆಯ ನಮ್ಮ ಅರೇಬಿಕಾ ತೋಟದಲ್ಲಿ ನಾನು ಬೆಳೆದದ್ದೇ ಬಿಳಿ ಕಾಂಡಕೊರಕದ ಭಯದಲ್ಲಿ. ಏಪ್ರಿಲ್-ಮೇನಲ್ಲಿ ಒಮ್ಮೆ, ಅಕ್ಟೋಬರ್ ಕಳೆದ ಮೇಲೆ ಇನ್ನೊಮ್ಮೆ ಅದರ ದುಂಬಿ ಹಾರುತ್ತದೆ. ಬಿಸಿಲು ಬೀಳುವ ಕಾಂಡ ಹುಡುಕಿ ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುತ್ತದೆ. ಅದಕ್ಕೇ ಅಪ್ಪ ನೆರಳು ಕಾಪಾಡುತ್ತಿದ್ದರು, ಹಾರಾಟಕ್ಕೆ ಮೊದಲು ಕಾಂಡವನ್ನು ತೆಂಗಿನ ನಾರಿನಿಂದ ತಿಕ್ಕಿಸಿ ನುಣುಪು ಮಾಡಿಸುತ್ತಿದ್ದರು. ಕಾಂಡದ ಮೇಲೆ ಉಬ್ಬುಗೆರೆ ಕಂಡ ಗಿಡವನ್ನು ಮಾತ್ರ ಕಿತ್ತು ಸುಡುವುದೇ. ಒಂದು ವರ್ಷ ಹಾಗೆ ಸುಟ್ಟ ಗಿಡಗಳ ರಾಶಿಯ ಮುಂದೆ ಅಪ್ಪ ಮಾತಿಲ್ಲದೆ ನಿಂತದ್ದು ಈಗಲೂ ಕಣ್ಣಿಗೆ ಕಟ್ಟಿದೆ.

ಮಾವನ್ನು ಕೀಳುವಂತಿರಲಿಲ್ಲ. ಹಾಗಾಗಿ ನನಗೆ ಗೊತ್ತಿದ್ದ ಉಳಿದರ್ಧ ಮಾಡಿದೆ. ಎರಡು ಭಾನುವಾರ ಏಣಿ ಹಾಕಿಕೊಂಡು ನಾರು, ಗೋಣಿಚೀಲ ಹಿಡಿದು ತೊಗಟೆ ತಿಕ್ಕಿದೆ. "ಇನ್ನು ಚಿಂತೆಯಿಲ್ಲ" ಎಂದೆ. ಆಕೆ ನಂಬಿದರು.

ಮಳೆಗಾಲಕ್ಕೆ ಅರ್ಧ ಮರ ಒಣಗಿತ್ತು. ಒಂದು ರಾತ್ರಿ ಜಗಲಿಯ ಟ್ಯೂಬ್‌ಲೈಟ್ ಕೆಳಗೆ ಅಪರಾಧಿ ಬಂದು ಕೂತಿತ್ತು. ಎರಡು ಇಂಚು ಉದ್ದದ ಬೂದು ದುಂಬಿ, ಮೈಗಿಂತ ಉದ್ದದ ಮೀಸೆ, ಕತ್ತಿನ ಹಿಂದೆ ಎರಡು ಕೆಂಪು ಮಚ್ಚೆ. ನಮ್ಮ ತೋಟದ ಕೊರಕ ಇದರ ಮೂರರಲ್ಲೊಂದು ಪಾಲೂ ಇಲ್ಲ. ಕಪ್ಪು ಮೈಗೆ ಬಿಳಿ ಗೆರೆ, ಮೀಸೆಯೋ ಗಿಡ್ಡ.

ಆಮೇಲೆ ಓದಲು ಕೂತೆ. ಎರಡೂ ಸೆರಾಂಬಿಸಿಡೆ ಎಂಬ ಒಂದೇ ಕುಟುಂಬದವು. ನೀಳಮೀಸೆಯ ದುಂಬಿಗಳ ಕುಟುಂಬವೆಂದು ಕರೆದರೂ ಮೀಸೆಯ ಉದ್ದವನ್ನೇ ನಂಬಿದರೆ ಕಾಫಿ ಕೊರಕ ಹೊರಗುಳಿಯುತ್ತದೆ. ತಜ್ಞರು ನೋಡುವುದು ಬೇರೆ ಗುರುತುಗಳನ್ನು: ಹೆಚ್ಚಿನವುಗಳಲ್ಲಿ ಮೀಸೆಯ ಬುಡವನ್ನು ಬಳಸಿಕೊಂಡಂತಿರುವ ಕಣ್ಣು, ಐದು ಗಂಟುಗಳಿದ್ದೂ ನಾಲ್ಕೇ ಎಂಬಂತೆ ಕಾಣುವ ಪಾದ.

ಒಳಗೆ ಹೋದರೆ ದಾರಿ ಕವಲೊಡೆಯುತ್ತದೆ. ಕಾಫಿಯ ಕ್ಸೈಲೊಟ್ರೆಕಸ್ ಸೆರಾಂಬಿಸಿನೇ ಉಪಕುಟುಂಬದ್ದು. ಅದರ ತಾಯಿ ಇರುವ ಬಿರುಕನ್ನೇ ಹುಡುಕುತ್ತದೆ, ಬಿರುಕಿಲ್ಲದಿದ್ದರೆ ತೊಂದರೆ ಅದಕ್ಕೆ. ಮಾವಿನ ಬ್ಯಾಟೊಸೆರಾ ಲೇಮಿಯಿನೇ ಉಪಕುಟುಂಬದ್ದು. ಇವುಗಳ ಮುಖ ನೆಟ್ಟಗೆ, ಬಾಯಿ ಕೆಳಮುಖ. ಆ ಬಾಯಿಂದಲೇ ತಾಯಿ ತೊಗಟೆ ಸೀಳಿ ತನ್ನ ಮೊಟ್ಟೆಗೆ ತಾನೇ ಜಾಗ ಮಾಡುತ್ತದೆ. ನಾನು ನುಣುಪು ಮಾಡಿದ ತೊಗಟೆ ಅದಕ್ಕೆ ಯಾವ ಲೆಕ್ಕ? ಅಲ್ಲದೆ ಆ ಜನವರಿಯಲ್ಲಿ ಹುಳು ಆಗಲೇ ಮರದೊಳಗಿತ್ತು. ಮಾವು ಬೆಳೆಯುವವರು ಮಾಡುವಂತೆ ತೂತಿಗೆ ತಂತಿ ತೂರಿಸಿ ಹುಳು ತೆಗೆದು, ಔಷಧಿ ಹಾಕಿ ಮಣ್ಣು ಮೆತ್ತಿದ್ದರೆ ಮರ ಉಳಿಯುತ್ತಿತ್ತೇನೋ.

ಹೆಸರಿಲ್ಲದ ಕೀಟವೂ ಅಲ್ಲ ಅದು. ಸ್ವೀಡನ್ನಿನ ಡಿ ಗೀರ್ 1775ರಲ್ಲೇ ಅದನ್ನು ವರ್ಣಿಸಿ ರೂಫೊಮ್ಯಾಕುಲೇಟಾ, ಅಂದರೆ ಕೆಂಪು ಮಚ್ಚೆಯದು, ಎಂದು ಹೆಸರಿಟ್ಟಿದ್ದ. ಆದರೆ ನಮ್ಮ ಕಡೆಯ ಪುಸ್ತಕ ತೆರೆದರೆ ಬೇರೆ ಕಥೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನ ಚಾರ್ಲ್ಸ್ ಗಹನ್ 1906ರಲ್ಲಿ ಬ್ರಿಟಿಷ್ ಇಂಡಿಯಾದ ಈ ದುಂಬಿಗಳ ಬಗ್ಗೆ ಬರೆದ ಸಂಪುಟದಲ್ಲಿ ಕಾಫಿ ಕೊರಕವಿದೆ, ಮಾವಿನದಿಲ್ಲ. ಲೇಮಿಯಿನೇಗಳು ಆ ಸಂಪುಟಕ್ಕೆ ಸೇರಲೇ ಇಲ್ಲ. ಜಗತ್ತಿನಲ್ಲಿ ಹೆಸರು ಪಡೆದ ಸುಮಾರು 35,000 ಪ್ರಭೇದಗಳಲ್ಲಿ ಅರ್ಧಕ್ಕಿಂತ ಹೆಚ್ಚು ಲೇಮಿಯಿನೇಗಳೇ. ಮರಗಳ ಬಗೆ ಹೆಚ್ಚಿರುವ ಉಷ್ಣವಲಯದಲ್ಲೇ ಇವುಗಳ ಬಗೆಯೂ ಹೆಚ್ಚು. ಅವುಗಳಲ್ಲಿ ಬಹುಪಾಲು ನಮ್ಮ ತೋಟಕ್ಕೆ ಬರುವುದಿಲ್ಲ. ಸತ್ತ, ಸಾಯುತ್ತಿರುವ ಮರವನ್ನು ತಿಂದು ಮಣ್ಣಿಗೆ ಸೇರಿಸುತ್ತವೆ. ಅಪ್ಪನಿಗೂ ನನಗೂ ಮಾತ್ರ ಎಲ್ಲಕ್ಕೂ ಒಂದೇ ಹೆಸರು: ಕೊರಕ.

ಮರ ಕಡಿಸಿದ ದಿನ ಸೀಳಿದ ದಿಮ್ಮಿಯಲ್ಲಿ ಬೆರಳು ತೂರುವಷ್ಟು ಅಗಲದ ಸುರಂಗಗಳಿದ್ದವು. "ತಪ್ಪು ನನ್ನದು, ಬೇರೆ ಹುಳು ಅಂದುಕೊಂಡೆ" ಎಂದೆ. ಆಕೆ ಸುರಂಗದೊಳಗೆ ಬೆರಳಿಟ್ಟು ನೋಡಿದರು. "ಗೊತ್ತಿಲ್ಲ ಅಂದಿದ್ದರೆ ಬೇರೆ ಯಾರನ್ನಾದರೂ ಕೇಳುತ್ತಿದ್ದೆ" ಎಂದಷ್ಟೇ ಹೇಳಿದರು.

ಅಂಗಳದ ಮೂಲೆಯಲ್ಲಿ ಉಳಿದ ಕಟ್ಟಿಗೆಯಿಂದ ಮರುವರ್ಷ ಉಗುರಿನಷ್ಟು ಸಣ್ಣ ಕಂದು ದುಂಬಿಯೊಂದು ಹೊರಬಂತು. ಮೀಸೆ ಉದ್ದವಿತ್ತು. ಮಗ ಚಪ್ಪಲಿ ಎತ್ತಿದ. "ತಡಿ" ಎಂದೆ. "ಏನದು?" ಎಂದ. ಗೊತ್ತಿಲ್ಲ ಎಂದೆ.