ಗಿಯರಿನ ಮ್ಯಾಲಿನ ಕೈ

ನಮ್ಮ ಮನಿ ಮುಂದಿನ ಬೇವಿನ ಗಿಡದ ಬುಡಕ ಎಂಟು ವರ್ಷ ಒಂದು ಜೀಪು ನಿಂತಿತ್ತು. ಊರವರಿಗೆ ಅದರ ಗುರುತು ಹೇಳೋದು ಬ್ಯಾಡ. ಅದರಾಗ ಕೂತು ನಮ್ಮ ಗೀಗೀ ಮೇಳ ಉಮದಿ, ಸಂಖ, ಗುಡ್ಡಾಪುರ ಅಂತ ಸುತ್ತಲಿನ ಜಾತ್ರಿ ಎಲ್ಲಾ ತಿರುಗೇದ. ಮಹಿಂದ್ರಾದವರ ಹಳೇ ಸಿಜೆ-3ಬಿ, ಅಮೇರಿಕದ ವಿಲ್ಲಿಸ್ ಜೀಪಿನ ತಳಿ. ಮುಂದಕ್ಕ ಮೂರೇ ಗಿಯರು, ಹಿಂದಕ್ಕ ಒಂದು. ಮೊದಲನೇ ಗಿಯರು ಗಾಡಿ ನಿಂತಾಗ ಹಾಕಬೇಕು. ಓಡುವಾಗ ಹಾಕಹೋದರ ಹಲ್ಲು ಕಡಿದು ಬೈತಿತ್ತು.

ಅದು ನಿಂತ ಕಥಿ ಹೇಳತೀನಿ. ಒಂದು ಛಟ್ಟಿ ಅಮಾಸಿಗೆ ಗುಡ್ಡಾಪುರ ದಾನಮ್ಮನ ಜಾತ್ರಿಯಾಗ ಹಾಡಿ, ನಸುಕಿನಾಗ ಹೊರಳಿ ಊರಿಗೆ ಬರತಿದ್ವಿ. ಯಾವಾಗಲೂ ಗಾಡಿ ಹೊಡೆಯೋನು ನಾನು. ಅವತ್ತು ನಿದ್ದಿಗಣ್ಣು ಅಂತ ನಮ್ಮ ಮೇಳದ ತುಂತುಣಿ ಮಾಮಾನ ಕೈಗೆ ಚಾವಿ ಕೊಟ್ಟಿದ್ದೆ. ಏಳು ಮಂದಿ ಇದ್ದಿವಿ. ಇಳಕಲಿನಾಗ ಮಾಮಾ ಬರೋಬರಿನೇ ಎರಡನೇ ಗಿಯರಿಗೆ ಇಳಿಸಿದ್ದ. ನಡುವ ಆ ಗಿಯರು ತಾನಾಗಿ ಹಾರಿ ಹೊರಗ ಬಂತು. ಗಾಡಿಗೆ ಎಂಜಿನ್ನಿನ ಹಿಡಿತ ತಪ್ಪಿತು. ಬ್ರೇಕು ಮೊದಲೇ ಅಷ್ಟಕ್ಕಷ್ಟೇ. ಮಾಮಾ ಹೊಲದ ಒಡ್ಡಿಗೆ ತಂದು ತಾಕಿಸಿ ನಿಲ್ಲಿಸಿದ. ಯಾರಿಗೂ ದೊಡ್ಡ ಪೆಟ್ಟಾಗಲಿಲ್ಲ, ನನ್ನ ಡಪ್ಪು ಮಾತ್ರ ಹರೀತು.

ಅವತ್ತು ನನ್ನ ನಾಲಿಗಿ ನನ್ನ ಕೈಯಾಗ ಇರಲಿಲ್ಲ. ಹಿರಿಯ ಅನ್ನೋದನ್ನ ಮರತು, ಎಲ್ಲಾರ ಎದುರಿಗೆ, “ಗಿಯರ್ ಹಾಕಾಕ ಬರಂಗಿಲ್ಲ ನಿನಗ. ಕ್ಲಚ್ ಅರ್ಧ ಒತ್ತಿ ಒತ್ತಿ ನೀನ ಇದನ್ನ ಹಾಳ ಮಾಡಿದಿ” ಅಂದೆ. ಮಾಮಾ ಒಂದು ಮಾತು ಆಡಲಿಲ್ಲ. ಚಾವಿ ಬಾನೆಟ್ಟಿನ ಮ್ಯಾಲ ಇಟ್ಟು, ತುಂತುಣಿ ಹೆಗಲಿಗೆ ಹಾಕ್ಕೊಂಡು ನಡಕೊಂತ ಹೋದ. ಆಮೇಲೆ ಮೇಳಕ್ಕ ಬರಲಿಲ್ಲ. ಬೇರೆ ಹುಡುಗನ್ನ ನಿಲ್ಲಿಸಿ ನೋಡಿದೆ. ನಾ ಪದ ಎತ್ತಿದರ ಹಿಂದಿನಿಂದ “ಗೀಯ ಗೀಯ” ಅನ್ನೋ ದನಿ ಕೂಡಬೇಕಲ್ಲ, ಕೂಡಲಿಲ್ಲ. ಎರಡು ವರ್ಷದಾಗ ಮೇಳ ಮುರೀತು.

ಹೋದ ವರ್ಷ ಮಗ, “ಅಪ್ಪಾ, ಇದನ್ನ ಭಂಗಾರದವರಿಗೆ ಕೊಡೂಣು, ತೂಕಕ್ಕ ರೊಕ್ಕ ಬರತದ” ಅಂದ. ನನಗ ಹೊಟ್ಟಿ ಉರೀತು. ಮಾಡಗ್ಯಾಳ ತಳಿಯ ಎರಡು ಟಗರು ಮಾರಿ, ಟ್ರ್ಯಾಕ್ಟರಿಗೆ ಕಟ್ಟಿ ಜೀಪನ್ನ ಜತ್ತಕ್ಕ ಒಯ್ದೆ.

ಮಿಸ್ತ್ರಿ ಮರಾಠಿ ಹುಡುಗ, ನಮ್ಮ ಮಗನ ವಾರಿಗೆಯವ. ನಾನೂ ಅವನ ಜೋಡಿ ಗಾಡಿ ಬುಡಕ ಹೊಕ್ಕೆ. ಬ್ಯಾಟರಿ ವೈರು ಬಿಚ್ಚಿದ ಮ್ಯಾಲ ಎಣ್ಣಿ ಇಳಿಸಿದ. ಕರೀ ಎಣ್ಣಿಯೊಳಗ ಹಿತ್ತಾಳಿ ಪುಡಿ ಮಿಂಚತಿತ್ತು. ಕಾಲ ಬುಡದ ಪತ್ರಾ ಎತ್ತಿದ. ಮುಂದಿನ ಗಾಲಿಗೊಂದು ಹಿಂದಿನ ಗಾಲಿಗೊಂದು ಹೋಗೋ ಎರಡೂ ಶಾಫ್ಟು ಬಿಚ್ಚಿದ. ಎಂಜಿನ್ನಿಗೆ ಜಾಕ್ ಕೊಟ್ಟ ಮ್ಯಾಲನ ಕೆಳಗಿನ ಅಡ್ಡಪಟ್ಟಿಗೆ ಪಾನಾ ಹಚ್ಚಿದ, ಯಾಕಂದ್ರ ಹಿಂದಿನ ಭಾರ ಎಲ್ಲಾ ಅದರ ಮ್ಯಾಲೇ ಕೂತಿರತದ. ಡಬ್ಬಿಯನ್ನ ನೆಟ್ಟಗ ಹಿಂದಕ್ಕ ಜಗ್ಗಬೇಕಂತ. ಅದರ ಭಾರ ಕ್ಲಚ್ ಪ್ಲೇಟಿಗೆ ಜೋತು ಬಿದ್ದರ ಪ್ಲೇಟು ಡೊಂಕಾಗತದ.

ಡಬ್ಬಿ ಮುಚ್ಚಳ ತಗದು, ಒಳಗಿಂದ ಕವಣಿಯಂಥ ಒಂದು ಕಬ್ಬಿಣ ಎತ್ತಿದ. ಫೋರ್ಕ್ ಅಂತಾರ. ಗಿಯರಿನ ದಾಂಡು ನಾವು ಸರಿಸಿದಾಗ, ಒಳಗ ತಿರುಗೋ ಬಳಿಯನ್ನ ಹಿಡಿದು ಆಚೆ ಈಚೆ ತಳ್ಳೋದು ಇದೇ. ಅದರ ಒಂದು ಮೈ ಸವೆದು ಕುಡಗೋಲಿನಂಗ ತೆಳ್ಳಗಾಗಿತ್ತು. ಮಿಸ್ತ್ರಿ ನನ್ನ ಕೇಳಿದ: “ಕಾಕಾ, ಗಿಯರಿನ ಮ್ಯಾಲ ಕೈ ಇಟ್ಟು ಗಾಡಿ ಹೊಡೆಯೋರು ಯಾರು?”

ನಾನು ಸುಮ್ಮನಾದೆ. ಅವ ತನ್ನ ಪಾಡಿಗೆ ಹೇಳಿದ. ಗಿಯರ್ ಹಾಕಿದ ಮ್ಯಾಲ ಫೋರ್ಕಿಗೆ ಕೆಲಸ ಇಲ್ಲ, ಬಳಿಯ ಗಾಡಿಯೊಳಗ ಸಡಿಲ ಇರಬೇಕು. ದಾಂಡಿನ ಮ್ಯಾಲ ಕೈ ಭಾರ ಬಿಟ್ಟರ, ತಿರುಗೋ ಬಳಿಗೆ ಅದು ಸದಾ ಉಜ್ಜತದ. ಉಜ್ಜಿ ಉಜ್ಜಿ ತೆಳ್ಳಗಾದರ ಗಿಯರು ಪೂರಾ ಒಳಗ ಕೂಡಂಗಿಲ್ಲ, ಅರ್ಧಕ್ಕ ಹಿಡಿದಿರತದ, ಇಳಕಲಿನಾಗ ಹಾರತದ.

ಆ ಕೈ ನಂದು. ಇಪ್ಪತ್ತು ವರ್ಷ ನಾ ಬಲಗೈಲೆ ಸ್ಟಿಯರಿಂಗ್ ಹಿಡಿದು, ಎಡಗೈ ಗಿಯರಿನ ಮ್ಯಾಲ ಇಟ್ಟು ತಾಳ ಹಾಕಿಕೊಂತ, ಹೊಸ ಪದ ಕಟ್ಟಿಕೊಂತ ಬಂದವ. ಮಾಮಾ ಗಾಡಿ ಹೊಡೆದದ್ದು ಎಣಿಸಿ ಹತ್ತು ಸಲ ಇರಬೇಕು.

ನಾಕು ಗಿಯರಿನ ಡಬ್ಬಿ ಕೂಡಿಸಬಹುದು ಅಂದ ಮಿಸ್ತ್ರಿ. ಅದರ ಉದ್ದ ಬ್ಯಾರೆ, ಶಾಫ್ಟು ಕಡಿದು ಜೋಡಿಸಬೇಕು. ನನಗ ಅದು ಬ್ಯಾಡಾಗಿತ್ತು. ಕೆಟ್ಟು ಬಿದ್ದ ಅಂಥದೇ ಜೀಪಿನ ಚೊಲೋ ಡಬ್ಬಿ ಹುಡುಕಿ ತಂದ. ಹಳೇ ಡಬ್ಬಿಯ ಶಾಫ್ಟನ್ನೇ ತೂರಿಸಿ ಕ್ಲಚ್ ಪ್ಲೇಟನ್ನ ನಟ್ಟ ನಡುವ ಕೂಡಿಸಿ ಬಿಗಿದ. ಆದರೂ ಡಬ್ಬಿ ಅರ್ಧ ತಾಸು ಒಳಗ ಹೋಗಲಿಲ್ಲ. “ಬೋಲ್ಟ್ ಹಾಕಿ ಬಿಗಿದು ಎಳಿ, ಬರತದ” ಅಂದೆ. ಹುಡುಗ ನನ್ನ ಬೈದ. ಬಿಗಿದರ ಒಡೀತದಂತ. ಗಿಯರ್ ಹಾಕಿ, ಹಿಂದಿನ ತುದಿಯನ್ನ ಕೈಲೆ ಹಗೂರ ತಿರುವಾಕ ಹೇಳಿದ. ತಿರುವಿದೆ. ಹಲ್ಲಿಗೆ ಹಲ್ಲು ಹೊಂದಿ ಟಕ್ಕನ ಕೂತಿತು.

ಆ ಸವೆದ ಫೋರ್ಕನ್ನ ಟವೆಲಿನಾಗ ಸುತ್ತಿಕೊಂಡು ನೆಟ್ಟಗ ಮಾಮಾನ ಹೊಲದ ಮನಿಗೆ ಹೋದೆ. ದಾರಿಯಾಗ ಎಡಗೈ ಮೂರು ಸಲ ತಾನಾಗಿ ದಾಂಡಿನ ಮ್ಯಾಲ ಹೋಗಿತ್ತು. ಮಾಮಾ ಹೊರಸಿನ ಮ್ಯಾಲ ಕೂತಿದ್ದ, ಕಣ್ಣು ಮಂಜಾಗ್ಯಾವ. ಕಬ್ಬಿಣ ಕೈಗೆ ಕೊಟ್ಟು ಎಲ್ಲಾ ಹೇಳಿದೆ. “ತಪ್ಪು ನಂದು ಮಾಮಾ, ನಿಮಗ ಹಂಗ ಅನ್ನಬಾರದಿತ್ತು” ಅಂದೆ. ಬೆರಳಿಲೆ ಆ ತೆಳ್ಳಂದ ಮೈ ಸವರಿ ನೋಡಿದ.

“ನಿನಗ ಆವಾಗೇ ಹೇಳಿದ್ದೆ, ಕೈ ತಗಿಯೋ ಅಂತ. ನೀ ಪದದಾಗ ಇದ್ದಿ” ಅಂದ.

ಅವ ಹೇಳಿದ್ದು ನನಗ ನೆನಪಿಲ್ಲ. ಹೇಳಿರಬೇಕು.

ಚಹಾ ಕುಡಿದ ಮ್ಯಾಲ ಒಳಗಿಂದ ತುಂತುಣಿ ತರಿಸಿದ. ತಂತಿ ತುಕ್ಕು ಹಿಡಿದು ಕಡಿದಿತ್ತು. “ಜತ್ತಕ್ಕ ಹೋದರ ತಂತಿ ತಂದುಕೊಡು” ಅಂದ. ಮರುದಿನ ಹೋಗಿ ತಂದೆ.